ದಿನಕ್ಕೆ 12 ಹೊಲಿಗೆ

ಪ್ರೀತಿಯ ಮಕ್ಕಳೇ, ಮಕ್ಕಳ ಪಕ್ಕ ಕೂತು ಕನ್ನಡಕ ಒರೆಸಿಕೊಳ್ಳುತ್ತಿರುವ ಅಜ್ಜ-ಅಜ್ಜಿಯರೇ,

ಈ ವಾರ ನಾನು ಸುಳ್ಳುಗಾರ ಅನ್ನಿಸಿಕೊಂಡ ಕತೆ ಹೇಳುತ್ತೇನೆ. ಹಾಗೆ ಅಂದವಳು ನನ್ನ ಮೊಮ್ಮಗಳು. ಅವಳು ಅಂದದ್ದು ಸರಿಯಾಗಿಯೇ ಇತ್ತು.

ನಮ್ಮ ಊರು ಕುಂದಾಪುರದ ಹತ್ತಿರ, ಹೊಳೆಯ ದಡದಲ್ಲಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕ, ಕುಬ್ಜಾ ಎಂಬ 5 ನದಿಗಳು ಇಲ್ಲಿ ಕೂಡಿ ಸಮುದ್ರ ಸೇರುತ್ತವೆ. ಅದಕ್ಕೇ ಇದು ಪಂಚಗಂಗಾವಳಿ. ನಮ್ಮ ಅಪ್ಪಯ್ಯ ಇಲ್ಲಿ ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದರು. ಸೇತುವೆ ಬಂತು, ದಾಟುವವರು ನಿಂತರು. 18 ಅಡಿಯ ಆ ದೋಣಿ ನಮ್ಮ ಕೊಟ್ಟಿಗೆಯ ಪಕ್ಕ ಮಗುಚಿ ಮಲಗಿದ್ದು 30 ವರ್ಷ ಎದ್ದಿರಲಿಲ್ಲ.

ಕೆಲಸದಿಂದ ನಿವೃತ್ತನಾದ ವರ್ಷ ಅದನ್ನು ಎಬ್ಬಿಸಬೇಕು ಅನ್ನಿಸಿತು. ಬೆಂಗಳೂರಿನಲ್ಲಿ ಆರನೇ ತರಗತಿ ಓದುವ ಮೊಮ್ಮಗಳಿಗೆ ಫೋನ್ ಮಾಡಿ, "ಬೇಸಿಗೆ ರಜೆಗೆ ಬಾ, ಮುತ್ತಜ್ಜನ ದೋಣಿಯಲ್ಲಿ ಕೂರಿಸುತ್ತೇನೆ" ಅಂದುಬಿಟ್ಟೆ.

ಪಕ್ಕದ ಊರಿನಿಂದ ದೋಣಿ ಕೆಲಸ ಬಲ್ಲ ಹಿರಿಯ ಆಚಾರ್ರು ಬಂದರು. ಸಣ್ಣ ಸುತ್ತಿಗೆಯಿಂದ ಹಲಗೆಗಳನ್ನು ತಟ್ಟುತ್ತಾ ಹೋದರು. ಗಟ್ಟಿ ಇದ್ದಲ್ಲಿ 'ಠಣ್' ಅಂತಿತ್ತು, ಲಡ್ಡಾದಲ್ಲಿ 'ಡಬ್' ಅಂತಿತ್ತು. ಡಬ್ ಅಂದಲ್ಲೆಲ್ಲ ನಾನು ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮುಗಿಯುವಾಗ ದೋಣಿಗೆ ಸೀತಾಳೆ ಸಿಡುಬು ಬಂದ ಹಾಗಿತ್ತು! 7 ಹಲಗೆ ಬದಲಿಸಬೇಕು ಅಂದರು.

ಹಲಗೆಗೆ ಒಳ್ಳೆಯ ಹೆಬ್ಬಲಸಿನ ಮರ ಬೇಕು. ಮರ ಸಿಕ್ಕಿ, ಕೊಯ್ದು, ಒಣಗುವಾಗ ಬೇಸಿಗೆ ರಜೆ ಮುಗಿದಿತ್ತು. "ದಸರಾಕ್ಕೆ ಖಂಡಿತ" ಅಂದೆ. ಮಳೆ ಹಿಡಿಯಿತು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಮರದ ಕೆಲಸ ಎಲ್ಲಿಂದ? ದಸರಾ ಹೋಯಿತು. "ಡಿಸೆಂಬರ್‌ಗೆ" ಅಂದೆ.

"ಅಜ್ಜಯ್ಯ, ನೀವು ಬರೀ ಸುಳ್ಳು ಹೇಳ್ತೀರಿ" ಅಂದಳು ಅವಳು. ಸಿಟ್ಟಿನಿಂದಲ್ಲ, ಸಾದಾ ದನಿಯಲ್ಲಿ. ಸಿಟ್ಟು ಮಾಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಹಲಗೆ ಜೋಡಿಸುವ ಕೆಲಸ ಡಿಸೆಂಬರ್‌ನಲ್ಲಿ ಹೇಗೋ ಮುಗಿಯಿತು. ಉಳಿದದ್ದು ಹೊಲಿಗೆ. ಹೌದು ಮಕ್ಕಳೇ, ಅಂಗಿಯ ಹಾಗೆ ದೋಣಿಯನ್ನೂ ಹೊಲಿಯುತ್ತಾರೆ. ಹಲಗೆಯ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ಸಂದಿನ ಮೇಲೆ ತೆಂಗಿನ ನಾರು ತುಂಬಿ, ಕತ್ತದ ಹಗ್ಗದಿಂದ ಬಿಗಿಯುತ್ತಾರೆ. ಮೊಳೆ ಇಲ್ಲ. ಕತ್ತ ಉಪ್ಪುನೀರಿಗೆ ಬೇಗ ಕೊಳೆಯುವುದಿಲ್ಲ. ಮರಳಿಗೆ ತಾಗಿದರೆ ಹೊಲಿದ ದೋಣಿ ಸ್ವಲ್ಪ ಬಳುಕುತ್ತದೆ, ಒಡೆಯುವುದಿಲ್ಲ. ಬಹಳ ಹಳೆಯ ವಿದ್ಯೆ ಇದು. ಅಜಂತಾದ ಗುಹೆಯಲ್ಲಿ ಚಿತ್ರಿಸಿದ ಹಡಗೊಂದನ್ನು ನೋಡಿ ಇದೇ ರೀತಿ ಹೊಲಿದು ಕಟ್ಟಿದ 'ಕೌಂಡಿನ್ಯ' ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು.

ಆದರೆ ನನ್ನ ದೋಣಿ? ಅದನ್ನು ನೋಡಿದರೆ ತೂತುಗಳೇ ಕಾಣುತ್ತಿದ್ದವು. ಎರಡು ದಿನ ಹೊಲಿದೆ, ಬೆರಳು ಬೊಬ್ಬೆ ಎದ್ದಿತು. ಟಾರ್ಪಾಲು ಮುಚ್ಚಿಬಿಟ್ಟೆ. ಆಮೇಲೆ ಕೊಟ್ಟಿಗೆಯ ಕಡೆ ಹೋಗುವುದನ್ನೇ ಬಿಟ್ಟೆ. ನೆರೆಮನೆಯವರು ಬೇಲಿಯ ಆಚೆಯಿಂದ, "ಹ್ವಾಯ್, ದೋಣಿ ನೀರಿಗಿಳಿಸುದ್ ಯಾವಾಗ?" ಅಂತ ದಿನಾ ಕೇಳುವುದು ಬೇರೆ.

ಆಗಲೇ ಒಬ್ಬರು ಬಂದರು. ಅವರ ರೆಸಾರ್ಟಿನ ಅಂಗಳದಲ್ಲಿ ಇಟ್ಟು, ಮಣ್ಣು ತುಂಬಿ, ಹೂವಿನ ಗಿಡ ನೆಡಲು ಹಳೇ ದೋಣಿ ಬೇಕಂತೆ. ಒಳ್ಳೆಯ ದುಡ್ಡು ಹೇಳಿದರು. ನಿಜ ಹೇಳುತ್ತೇನೆ, ನನಗೆ ದುಃಖ ಆಗಲಿಲ್ಲ. ತಲೆಯ ಹೊರೆ ಇಳಿಯಿತು ಅನ್ನಿಸಿತು. ಒಳಗೆ ಹೋಗಿ ನನ್ನವಳಿಗೆ ಹೇಳಿದೆ. ಅವಳು ಕಾಯಿ ತುರಿಯುತ್ತಾ, ತಲೆ ಎತ್ತದೆ, "ಕೊಡುದಾರೆ ಕೊಡಿ. ಮಗುವಿಗೆ ಮಾತ್ರ ನೀವೇ ಫೋನ್ ಮಾಡಿ ಹೇಳಿ" ಅಂದಳು.

ಫೋನ್ ಮಾಡಿದೆ. ಮಾರುವ ಮಾತು ಗಂಟಲಲ್ಲೇ ನಿಂತಿತು. "ಹೊಲಿಗೆ ತುಂಬಾ ಇದೆ ಮಗಾ" ಅಂದೆ.

"ಎಷ್ಟಿದೆ?"

"ತುಂಬಾ."

"ತುಂಬಾ ಅಂದ್ರೆ ಎಷ್ಟು ಅಜ್ಜಯ್ಯ?"

ನನಗೆ ಗೊತ್ತಿರಲಿಲ್ಲ. ಒಂದು ವರ್ಷ ಆ ದೋಣಿಯ ಹಿಂದೆ ಇದ್ದವನು ಒಮ್ಮೆಯೂ ಎಣಿಸಿರಲಿಲ್ಲ! ಮಾರನೇ ದಿನ ಬೆಳಿಗ್ಗೆ ಟಾರ್ಪಾಲು ತೆಗೆದು ಎಣಿಸಿದೆ. 540 ಹೊಲಿಗೆ. ಹೇಳಿದೆ. ಅವಳು ಅಲ್ಲಿಂದಲೇ ಲೆಕ್ಕ ಹಾಕಿದಳು: "ದಿನಕ್ಕೆ 12 ಆದ್ರೆ 45 ದಿನ. ತಾರೀಕು ಹೇಳ್ಬೇಡಿ ಅಜ್ಜಯ್ಯ. ಇವತ್ತು ಎಷ್ಟಾಯ್ತು ಅಂತ ಮಾತ್ರ ಹೇಳಿ."

'ತುಂಬಾ' ಅನ್ನುವುದು ಭೂತದ ಹಾಗೆ, ಕತ್ತಲಲ್ಲಿ ದೊಡ್ಡದಾಗುತ್ತಾ ಹೋಗುತ್ತದೆ. 540 ಬರೀ ಒಂದು ಸಂಖ್ಯೆ. ಅದರಿಂದ 12 ಕಳೆಯಬಹುದು.

ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಲೆಕ್ಕ ಬರೆಯತೊಡಗಿದೆ. ಆದರೆ ಇನ್ನೊಂದು ತೊಡಕಿತ್ತು. ದೋಣಿ ಹೊಲಿಯಲು ಇಬ್ಬರು ಬೇಕು. ಒಳಗಿನವರು ಹಗ್ಗ ಹೊರಗೆ ತಳ್ಳಬೇಕು, ಹೊರಗಿನವರು ಎಳೆದು ಬಿಗಿದು ಮತ್ತೆ ಒಳಗೆ ಕೊಡಬೇಕು. ಒಬ್ಬನೇ ಒಳಗೂ ಹೊರಗೂ ಓಡಾಡಿದ್ದರಿಂದಲೇ ನಾನು ಎರಡು ದಿನಕ್ಕೆ ಸೋತದ್ದು. ಈ ಸಲ ನಾಚಿಕೆ ಬಿಟ್ಟು ಬೇಲಿಯ ಹತ್ತಿರ ಹೋಗಿ ನೆರೆಮನೆಯವರನ್ನು ಕರೆದೆ. ದಿನಾ ಕೇಳುತ್ತಿದ್ದವರು, ಕರೆದ ಕೂಡಲೇ ಬಂದರು. ಪಾಪ, ಅವರೂ ಕರೆಯಲಿ ಅಂತಲೇ ಕೇಳುತ್ತಿದ್ದರೋ ಏನೋ. ಅವರಿಗೆ ಆಗದ ದಿನ ನನ್ನವಳು ಸೆರಗು ಸಿಕ್ಕಿಸಿ ಹೊರಗೆ ಕೂರುತ್ತಿದ್ದಳು. ಅವಳ ಬಿಗಿತ ನಮ್ಮಿಬ್ಬರಿಗಿಂತ ಚೆನ್ನಾಗಿತ್ತು.

ಆಚಾರ್ರು ಒಂದು ಉಪಾಯ ಹೇಳಿಕೊಟ್ಟರು. ದಿನದ ಕೆಲಸ ನಿಲ್ಲಿಸುವ ಮೊದಲು 13ನೇ ತೂತಿಗೆ ಹಗ್ಗ ಪೋಣಿಸಿ ಬಿಡಬೇಕು. ಬೆಳಿಗ್ಗೆ ಬಂದಾಗ 'ಎಲ್ಲಿಂದ ಶುರು ಮಾಡಲಿ' ಎಂಬ ಆಲಸ್ಯಕ್ಕೆ ಜಾಗವಿಲ್ಲ. ಎಳೆದರಾಯಿತು.

ಬೇಸರ ಬಂದ ದಿನ ನಾನು ಸ್ವೀಡನ್ ದೇಶದ 'ವಾಸಾ' ಹಡಗನ್ನು ನೆನೆಯುತ್ತಿದ್ದೆ. ಅದು 1628ರಲ್ಲಿ ಸ್ಟಾಕ್‌ಹೋಮ್‌ನಿಂದ ಮೊದಲ ಪಯಣ ಹೊರಟು, ಒಂದೂವರೆ ಕಿಲೋಮೀಟರ್ ಕೂಡ ಹೋಗದೆ ಮುಳುಗಿತು. 333 ವರ್ಷಗಳ ನಂತರ, 1961ರಲ್ಲಿ ಮೇಲೆತ್ತಿದರು. ನೀರು ಕುಡಿದ ಮರ ಒಮ್ಮೆಗೇ ಒಣಗಿದರೆ ಕುಗ್ಗಿ ಸೀಳುತ್ತದೆ. ಅದಕ್ಕೆ ಮೇಣದಂಥ ಒಂದು ರಾಸಾಯನಿಕವನ್ನು ನೀರಿನಲ್ಲಿ ಬೆರೆಸಿ ಹಡಗಿನ ಮೇಲೆ ಚಿಮುಕಿಸಿದರು. ಎಷ್ಟು ಕಾಲ ಗೊತ್ತೇ? 17 ವರ್ಷ! ಶುರುವಾದಾಗ ಒಂದನೇ ತರಗತಿಯಲ್ಲಿದ್ದ ಮಗು ಮುಗಿಯುವಾಗ ಕಾಲೇಜು ದಾಟಿರುತ್ತದೆ. ಆಮೇಲೆ ನಿಧಾನವಾಗಿ ಒಣಗಿಸಲು ಇನ್ನೂ 9 ವರ್ಷ. ಅಲ್ಲಿ ಕೆಲಸ ಮಾಡಿದವರಿಗೂ ಒಂದು ದಿನಕ್ಕೆ ಒಂದು ದಿನದ ಕೆಲಸವೇ ಇದ್ದದ್ದು.

45 ದಿನದ ಲೆಕ್ಕ ನನಗೆ 61 ದಿನವಾಯಿತು. ಜ್ವರ ಬಂದ ದಿನ ಸೊನ್ನೆ, ಮದುವೆ ಊಟದ ದಿನ 3. ಸೊನ್ನೆಯನ್ನೂ ಮುಚ್ಚಿಡದೆ ಮೊಮ್ಮಗಳಿಗೆ ಹೇಳಿದೆ. "ಪರವಾಗಿಲ್ಲ, ನಾಳೆ ಇದೆಯಲ್ಲ" ಅನ್ನುತ್ತಿದ್ದಳು. ಕೊನೆಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಅದು ಚರ್ಮ ಸುಡುತ್ತದೆ, ಮಕ್ಕಳು ಮುಟ್ಟಬಾರದು.

ಏಪ್ರಿಲ್‌ನಲ್ಲಿ ಅವಳು ಬಂದಳು. ಭರತದ ಹೊತ್ತಿಗೆ ಎಲ್ಲರೂ ಸೇರಿ ದೋಣಿಯನ್ನು ನೀರಿಗೆ ತಳ್ಳಿದೆವು. ತೇಲಿತು. ಐದೇ ನಿಮಿಷ. ಆಮೇಲೆ ಸಂದುಸಂದಿನಿಂದ ನೀರು ಒಳಗೆ ಜಿನುಗಿತು! ಮೊಮ್ಮಗಳ ಮುಖ ಸಣ್ಣದಾಯಿತು. ನನ್ನದು ಅದಕ್ಕಿಂತ ಸಣ್ಣದು.

ಆಚಾರ್ರು ಮಾತ್ರ ನಕ್ಕರು. "30 ವರ್ಷ ಬಾಯಾರಿದ ಮರ. ಕುಡಿಯಲಿ ಬಿಡಿ." ದೋಣಿಗೆ ನೀರು ತುಂಬಿಸಿ ದಡದಲ್ಲೇ ಮುಳುಗಿಸಿಟ್ಟರು. ಎರಡು ರಾತ್ರಿ. ಮರ ನೀರು ಕುಡಿದು ಉಬ್ಬಿತು, ಸಂದು ತಾನಾಗಿ ಮುಚ್ಚಿತು. ಮೂರನೇ ದಿನ ನೀರು ಮೊಗೆದು ಹಾಕಿ, ಮೊಮ್ಮಗಳಿಗೆ ಲೈಫ್ ಜಾಕೆಟ್ ತೊಡಿಸಿ ಕೂರಿಸಿದೆ. ಅಪ್ಪಯ್ಯನ ಹುಟ್ಟು ಹಿಡಿದು ಆಚೆ ದಡಕ್ಕೆ ಹೋಗಿ ಬಂದೆವು. ಅವಳು ದಾರಿಯುದ್ದಕ್ಕೂ ಹೊರಗೆ ನೋಡಲೇ ಇಲ್ಲ. ಬಗ್ಗಿ ಹೊಲಿಗೆ ಎಣಿಸುತ್ತಿದ್ದಳು!

ಮಕ್ಕಳೇ, ನಿಮ್ಮ ಮನೆಯಲ್ಲೂ ಅರ್ಧಕ್ಕೆ ನಿಂತದ್ದು ಏನಾದರೂ ಇರುತ್ತದೆ. ಅಜ್ಜಿಯ ಕೌದಿಯೋ, ಅಜ್ಜನ ರೇಡಿಯೋವೋ, ನಿಮ್ಮದೇ ಮಗ್ಗಿಯೋ. ಅದರಲ್ಲಿ ಇನ್ನೆಷ್ಟು ಉಳಿದಿದೆ ಅಂತ ಈ ಭಾನುವಾರ ಎಣಿಸಿ. ಹಗ್ಗದ ಇನ್ನೊಂದು ತುದಿ ಹಿಡಿಯಲು ಮನೆಯಲ್ಲಿ ಯಾರನ್ನಾದರೂ ಕರೆಯಿರಿ. ಅಜ್ಜ-ಅಜ್ಜಿಯರೇ, ಅವರು ಕರೆದರೆ ಮೊಣಕಾಲಿನ ನೆಪ ಹೇಳಬೇಡಿ.

ಎಣಿಸಿದ್ದು ಎಷ್ಟಾಯಿತು ಅಂತ ನನಗೂ ಒಂದು ಕಾಗದ ಬರೆಯಿರಿ. ತಾರೀಕು ಮಾತ್ರ ಹೇಳಬೇಡಿ!