ನೋಂದಾಯಿಸಿದ ಒಪ್ಪಂದದ ಅಕ್ಕಿ ಸಾಗಲಿ

ಕೇಂದ್ರ ವಾಣಿಜ್ಯ ಸಚಿವರಿಗೆ,

2023ರ ಜುಲೈ 20ರಂದು ನಿಮ್ಮ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿತು. ಅಂಗಡಿಯಲ್ಲಿ ಅಕ್ಕಿ ದರ ಒಂದು ವರ್ಷದಲ್ಲಿ ಶೇ 11.5ರಷ್ಟು ಏರಿತ್ತು, ಎಲ್ ನಿನೊದಿಂದ ಮಳೆ ಕೈಕೊಡುವ ಭಯವೂ ಇತ್ತು. ಮೊದಲು ನಮ್ಮ ಜನ ಉಣ್ಣಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಆದೇಶ ಅವತ್ತೇ ಜಾರಿಯಾಯಿತಲ್ಲ, ಅದಕ್ಕೆ ತಕರಾರು.

ಅಕ್ಕಿ ಹಡಗೇರುವ ಕಾಕಿನಾಡದ ಆಂಕರೇಜ್ ಬಂದರನ್ನೇ ನೋಡಿ. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ದೂರ ಸಮುದ್ರದಲ್ಲೇ ಲಂಗರು ಹಾಕುತ್ತದೆ. ಗೋದಾಮಿನಿಂದ ಲಾರಿಗೆ, ಲಾರಿಯಿಂದ ಬಾರ್ಜ್‌ಗೆ, ಬಾರ್ಜ್‌ನಿಂದ ಕ್ರೇನಿನ ಮೂಲಕ ಹಡಗಿಗೆ ಚೀಲಗಳು ಏರಬೇಕು. ಮಳೆ ಬಂದರೆ ಕೆಲಸ ನಿಂತಿತು. ಲೋಡಿಂಗ್ ಗಡುವು ದಾಟಿದರೆ ಡೆಮರೇಜ್, ಅಂದರೆ ಹಡಗು ಕಾಯಿಸಿದ್ದಕ್ಕೆ ದಂಡ, ಅದೂ ದಿನದ ಲೆಕ್ಕದಲ್ಲಿ, ಡಾಲರಿನಲ್ಲಿ. ಇದಕ್ಕೆಲ್ಲ ಮುಂಚೆಯೇ ಗಿರಣಿಗೆ ಮುಂಗಡ ಹೋಗಿರುತ್ತದೆ, ಬ್ಯಾಂಕ್ ಸಾಲ ಬಡ್ಡಿ ತಿನ್ನುತ್ತಿರುತ್ತದೆ. ಆವತ್ತಿನ ಆದೇಶ ವಿನಾಯಿತಿ ಕೊಟ್ಟದ್ದು ಲೋಡಿಂಗ್ ಶುರುವಾದ ಹಡಗಿಗೆ, ಶಿಪ್ಪಿಂಗ್ ಬಿಲ್ ಸಲ್ಲಿಸಿ ಹಡಗು ಬಂದು ನಿಂತಿದ್ದರೆ ಆ ಸರಕಿಗೆ, ಕಸ್ಟಮ್ಸ್‌ಗೆ ಒಪ್ಪಿಸಿದ್ದಕ್ಕೆ. ದಾರಿಯಲ್ಲಿದ್ದ ಲಾರಿಯನ್ನು, ಸಹಿ ಬಿದ್ದ ಒಪ್ಪಂದವನ್ನು ಕೇಳುವವರಿರಲಿಲ್ಲ.

ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ನಮ್ಮ ಪಾಲು ಸುಮಾರು ಶೇ 40. ನಿಷೇಧದ ಮರುತಿಂಗಳು, ಆಗಸ್ಟಿನಲ್ಲಿ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಅಕ್ಕಿ ದರ ಸೂಚ್ಯಂಕ ಜುಲೈಗಿಂತ ಶೇ 9.8 ಏರಿ, 15 ವರ್ಷಗಳ ಗರಿಷ್ಠ ಮುಟ್ಟಿತು. ಅಮೆರಿಕದಲ್ಲಿ ನಮ್ಮವರೇ ಸೋನಾ ಮಸೂರಿ ಚೀಲಕ್ಕೆ ಅಂಗಡಿ ಮುಂದೆ ಸಾಲುಗಟ್ಟಿದರು. (ಇಲ್ಲಿ ನಾವು ಆ ಸಾಲಿನ ವಿಡಿಯೊ ನೋಡಿ ನಕ್ಕೆವು, ಇರಲಿ.) ನಗು ಬರದ ಮಾತೆಂದರೆ ಮುಂದಿನ ಆದೇಶ ಯಾವಾಗ ಬೀಳುತ್ತದೋ ಎಂಬ ಅಂಜಿಕೆ. ಅದಕ್ಕೂ ದುಡ್ಡು ತೆರಬೇಕು. ರಫ್ತುದಾರ ಅದನ್ನು ಗಿರಣಿಯವನ ದರದಲ್ಲಿ ಮುರಿದುಕೊಳ್ಳುತ್ತಾನೆ, ಗಿರಣಿಯವನು ಭತ್ತದ ದರದಲ್ಲಿ. ಸಿಂಧನೂರಿನ ರೈತ ಯಾರ ಹತ್ತಿರ ಮುರಿದುಕೊಳ್ಳಬೇಕು?

ನಿಷೇಧ ತೆಗೆದಾಗಲೂ ಇದೇ ಕಥೆ. 2024ರ ಸೆಪ್ಟೆಂಬರ್ 28ರಂದು ನಿಷೇಧ ತೆಗೆದು ಟನ್ನಿಗೆ 490 ಡಾಲರ್ ಕನಿಷ್ಠ ರಫ್ತು ದರ ಇಟ್ಟಿರಿ, ಅಕ್ಟೋಬರ್ 23ಕ್ಕೆ ಅದನ್ನೂ ತೆಗೆದಿರಿ. ಒಂದು ತಿಂಗಳೂ ನಿಲ್ಲದ ನಿಯಮ ನಂಬಿ ಹಡಗು ಗೊತ್ತುಮಾಡುವುದು ಹೇಗೆ?

ಮುಂಚೆ ತಿಳಿಸಿದರೆ ಎಲ್ಲರೂ ಗಡಿಬಿಡಿಯಲ್ಲಿ ಸಾಗಿಸಿಬಿಡುತ್ತಾರೆ ಎಂದು ನಿಮ್ಮ ಅಧಿಕಾರಿಗಳು ಹೇಳಬಹುದು. ಅದು ಸುಳ್ಳಲ್ಲ. ಆದರೆ ಬಾಸ್ಮತಿಯಲ್ಲದ ಅಕ್ಕಿಯ ಒಪ್ಪಂದಗಳನ್ನು ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾದಲ್ಲಿ ನೋಂದಾಯಿಸಬೇಕೆಂದು 2025ರ ಸೆಪ್ಟೆಂಬರಿನಲ್ಲಿ ನೀವೇ ಕಡ್ಡಾಯ ಮಾಡಿದಿರಿ. ಯಾರು ಎಷ್ಟು ಮಾರಿದ್ದಾರೆ ಎಂಬ ಲೆಕ್ಕ ಈಗ ನಿಮ್ಮ ಕೈಯಲ್ಲೇ ಇದೆ. ಮುಂದೆ ನಿರ್ಬಂಧ ಬೇಕೆನಿಸಿದರೆ ನೋಂದಾಯಿಸಿದ್ದನ್ನು ಹೋಗಲು ಬಿಡಿ, ಹೊಸ ಒಪ್ಪಂದಕ್ಕೆ ಅಂದಿನಿಂದಲೇ ಸುಂಕ ಹಾಕಿ. ಇಷ್ಟನ್ನು ಒಂದು ಅಧಿಸೂಚನೆಯಲ್ಲಿ ಈಗಲೇ ಬರೆದಿಡಿ.

ಇಂತಿ,
ಗಂಗಾವತಿಯ ಒಬ್ಬ ಭತ್ತದ ವ್ಯಾಪಾರಿ