ಹಾರುವ ಸೈಕಲ್ಲು ಸರಿ, ಇಳಿಯೋಕೆ ನೆಲ ಎಲ್ಲಿ?

ಸೀಟು ಮೊಳಕಾಲಿನ ಹತ್ತಿರ. ಗೇರಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರ್ ಇಲ್ಲ, ಮುಂದಿನ ಬ್ರೇಕೂ ಬಹುಪಾಲು ಇಲ್ಲ. ಇಷ್ಟೆಲ್ಲ ಇಲ್ಲದಿದ್ದರೂ ಬೆಲೆ ಮಾತ್ರ ಮಾಮೂಲಿ ಸೈಕಲ್ಲಿನ ಹಲವು ಪಟ್ಟು! ಇದೆಂಥ ಮೋಸ ಅಂತೀರಾ? ಮೋಸವಲ್ಲ ಸ್ವಾಮಿ, ಇದು ಡರ್ಟ್ ಜಂಪ್ ಬೈಕು. ಒಂದು ಮಣ್ಣಿನ ದಿಬ್ಬದಿಂದ ಹಾರಿ ಇನ್ನೊಂದರ ಇಳಿಜಾರಿಗೆ ಇಳಿಯೋದಕ್ಕೆಂದೇ ಹುಟ್ಟಿದ ಗಾಡಿ. ಸಂತೆಗೆ ಹೋಗೋಕಲ್ಲ.

ಒಂದೊಂದು 'ಇಲ್ಲ'ಕ್ಕೂ ಕಾರಣ ಉಂಟು. ಗಾಳಿಯಲ್ಲಿ ಸೈಕಲ್ಲನ್ನು ಅತ್ತಿತ್ತ ವಾಲಿಸಲು ಜಾಗ ಬೇಕು, ಅದಕ್ಕೆ ಸೀಟು ತಗ್ಗು. ಬಿದ್ದಾಗ ಮುರಿಯುವ ಸಾಮಾನು ಕಮ್ಮಿಯಿರಲಿ ಅಂತ ಗೇರು ಇಲ್ಲ. ಚಕ್ರ 26 ಇಂಚು, ಫ್ರೇಮು ಗಿಡ್ಡ, ಗಟ್ಟಿ. ಮುಂದಿನ ಫೋರ್ಕು ಕುಗ್ಗುವುದು ಸುಮಾರು 100 ಮಿಲಿಮೀಟರು, ಅದೂ ಬಿಗಿಯಾಗಿ. ಮೆತ್ತಗಿದ್ದರೆ ಹಾರುವ ಶಕ್ತಿಯನ್ನೆಲ್ಲ ಅದೇ ನುಂಗಿಬಿಡುತ್ತೆ.

ಎಡವಟ್ಟಾಗುವುದು ಇಲ್ಲೇ. ದಪ್ಪ ಟಯರು, ಮುಂದೊಂದು ಸ್ಪ್ರಿಂಗು ಕಂಡರೆ ಸಾಕು, ಅಗ್ಗದ ಸೈಕಲ್ಲೂ ಹಾರುತ್ತೆ ಅಂತ ಹುಡುಗರು ನಂಬುತ್ತಾರೆ. ಅಮೆರಿಕದ ಎಎಸ್‌ಟಿಎಂ ಸಂಸ್ಥೆಯ ಮಾನಕದಲ್ಲಿ ಸೈಕಲ್ಲುಗಳಿಗೆ ದರ್ಜೆಗಳುಂಟು. ಮೊದಲನೆಯದು ಟಾರು ರಸ್ತೆಗೆ. ಎರಡನೆಯದು 15 ಸೆಂಟಿಮೀಟರಿನೊಳಗೆ, ಮೂರನೆಯದು 61ರೊಳಗೆ ಧುಮುಕಬಹುದು. ದೊಡ್ಡ ಹಾರಾಟ ಐದನೆಯದಕ್ಕೆ ಮಾತ್ರ. ದರ್ಜೆ ಮೀರಿ ಹಾರಿದರೆ ಮೊದಲು ಫೋರ್ಕು ಬಾಗುತ್ತೆ, ಆಮೇಲೆ ಹುಡುಗನ ಹಲ್ಲು.

ಒಳ್ಳೆ ಗಾಡಿ ಕೊಡಿಸಿದರೂ ಮುಗಿಯಲಿಲ್ಲ. ಕ್ಯಾಲಿಫೋರ್ನಿಯಾದ ಆಪ್ಟೋಸ್ ಊರಲ್ಲಿ ಪೋಸ್ಟಾಫೀಸಿನ ಪಕ್ಕದ ಖಾಲಿ ಜಾಗದಲ್ಲಿ ಮಣ್ಣಿನ ದಿಬ್ಬಗಳಿದ್ದವು. ಹೆಸರೇ 'ಪೋಸ್ಟಾಫೀಸ್ ಜಂಪ್ಸ್'. ಹುಡುಗರೇ ಸಲಿಕೆ ಹಿಡಿದು ಮಾಡಿದ್ದು. ಕ್ಯಾಮ್ ಮೆಕಾಲ್‌ನಂಥ ಹೆಸರಾಂತ ಸವಾರ ಅದೇ ಊರಿನವ. ಕಟ್ಟಡ ಕಟ್ಟಲು ಜಾಗ ಬೇಕಾಯಿತು, 2015ರಲ್ಲಿ ದಿಬ್ಬಗಳು ನೆಲಸಮ. ಸೈಕಲ್ಲು ಉಳಿಯಿತು, ನೆಲ ಹೋಯಿತು. ಅಂಥ ಪ್ರಸಿದ್ಧ ಜಾಗಕ್ಕೇ ಆ ಗತಿಯಾದರೆ, ಜಾಗವೇ ಇಲ್ಲದ ಕಡೆ ಹುಡುಗ ಹಾರುವುದು ಎಲ್ಲಿ? ರೋಡ್ ಹಂಪಿನ ಮೇಲೆ, ಬಸ್ಸಿನ ಮುಂದೆ!

ಅದಕ್ಕೇ ಅಂಗಡಿಯವರೇ, 'ಇದು ಹಾರೋ ಸೈಕಲ್ಲಲ್ಲ' ಅಂತ ಬಾಯಿಬಿಟ್ಟು ಹೇಳಿ, ವ್ಯಾಪಾರ ಒಂದು ಹೋದರೂ ಹೋಗಲಿ. ಅಪ್ಪಂದಿರೇ, ದುಡ್ಡು ಎಣಿಸುವ ಮುಂಚೆ ಎರಡು ಮಾತು ಕೇಳಿ: ಈ ಗಾಡಿ ಯಾವ ಕೆಲಸಕ್ಕೆ? ಮಗ ಇಳಿಯೋದು ಎಲ್ಲಿ? ಎರಡನೇದಕ್ಕೆ ಉತ್ತರ ಸಿಗದಿದ್ದರೆ ದುಡ್ಡು ಜೇಬಲ್ಲೇ ಇರಲಿ.