ಹಂದಿಮರಿಯ ಹಿಂಡಿ, ಕಂಪನಿಯ ತಕ್ಕಡಿ

ಹಂದಿ ಸಾಕುವುದೆಂದರೆ ಮೂಗು ಮುರಿಯುವವರು ಮುರಿಯಲಿ. ಬ್ಯಾಂಕಿನಲ್ಲಿ ಸಾಲ ಮಾಡಿ ಹಂದಿಗೂಡು ಕಟ್ಟಿದ ರೈತರು ನಮ್ಮಲ್ಲಿದ್ದಾರೆ, ಅವರ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಮೇವಿಗೇ ಹೋಗುತ್ತೆ. ಹಾಗಾಗಿ ಇದು ಬೆಲೆಯ ಪ್ರಶ್ನೆ, ಸಾಲದ ಪ್ರಶ್ನೆ.

ಅಂಗಡಿಯವನು "ಪ್ರೋಟೀನು ಜಾಸ್ತಿ ಇದೆ ಗೌಡ್ರೇ" ಅಂತ ಚೀಲ ಎತ್ತಿಕೊಡ್ತಾನೆ. ಯಾವ ಪ್ರೋಟೀನು? ಪ್ರೋಟೀನು ಎಂಬುದು ಒಂದೇ ವಸ್ತುವಲ್ಲ, ಸುಮಾರು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಕೂಡಿದ್ದು. ಅದರಲ್ಲಿ ಒಂಬತ್ತು-ಹತ್ತನ್ನು ಮರಿಯ ಮೈ ತಾನೇ ಬೇಕಾದಷ್ಟು ಮಾಡಿಕೊಳ್ಳಲಾರದು, ಮೇವಿನಲ್ಲೇ ಬರಬೇಕು. ಕಾಳಿನ ಮೇವಿನಲ್ಲಿ ಮೊದಲು ಕೊರೆ ಬೀಳೋದು ಲೈಸಿನ್. ಅದು ಕೊರೆಯಾದರೆ ಉಳಿದವು ಎಷ್ಟಿದ್ದರೂ ಮಾಂಸವಾಗುವುದಿಲ್ಲ. ಪೊಟ್ಯಾಷ್ ಇಲ್ಲದ ಗದ್ದೆಗೆ ಯೂರಿಯಾ ಸುರಿದ ಹಾಗೆ. ಮಿಕ್ಕದ್ದನ್ನು ಈಲಿ ಒಡೆದು ಯೂರಿಯಾ ಮಾಡಿ ಉಚ್ಚೆಯಲ್ಲಿ ಹೊರಹಾಕುತ್ತೆ. ಗೂಡಿನಲ್ಲಿ ಕಣ್ಣು ಉರಿಸುವ ಆ ಘಾಟು ಇದೆಯಲ್ಲ, ಅದರಲ್ಲಿ ನೀವು ಹಿಂಡಿಗೆ ಕೊಟ್ಟ ದುಡ್ಡೂ ಇದೆ.

ಲೆಕ್ಕ ಹಾಕೋಣ. 70 ಕಿಲೋ ಮುಸುಕಿನ ಜೋಳಕ್ಕೆ 30 ಕಿಲೋ ಕಡಲೆಕಾಯಿ ಹಿಂಡಿ ಬೆರೆಸಿದರೆ ಪ್ರೋಟೀನು ಶೇ. 19ರ ಮೇಲೆ ಬರುತ್ತೆ, ಕೇಳೋಕೆ ಚೆನ್ನ. ಲೈಸಿನ್ ಮಾತ್ರ ಸುಮಾರು 600 ಗ್ರಾಂ. ಅಷ್ಟೇ ಸೋಯಾ ಹಿಂಡಿ ಹಾಕಿ, ಪ್ರೋಟೀನು ಹೆಚ್ಚುಕಮ್ಮಿ ಅದೇ, ಲೈಸಿನ್ ಒಂದು ಕಿಲೋ. 11ರಿಂದ 25 ಕಿಲೋ ತೂಗುವ ಸುಧಾರಿತ ತಳಿಯ ಮರಿಗೆ 100 ಕಿಲೋ ಮೇವಿನಲ್ಲಿ ಅರಗುವ ಲೈಸಿನ್ ಸುಮಾರು 1 ಕಿಲೋ 200 ಗ್ರಾಂ ಇರಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಹೇಳಿದೆ. ನಿಧಾನ ಬೆಳೆಯುವ ನಾಟಿ ಮರಿಗೆ ಅಷ್ಟು ಬೇಡ. ಕೊರೆ ಬಿದ್ದದ್ದನ್ನು ಲೈಸಿನ್ ಪುಡಿಯಿಂದ ತುಂಬಿದರೆ ಹಿಂಡಿಯನ್ನೇ ಒಂದಿಷ್ಟು ಇಳಿಸಬಹುದು. ಬಹಳ ಇಳಿಸಿದರೆ ಥ್ರಿಯೋನಿನ್, ಮೆಥಿಯೋನಿನ್, ಟ್ರಿಪ್ಟೋಫಾನ್ ಕೊರೆ ಬೀಳ್ತವೆ, ಪಶುವೈದ್ಯರನ್ನು ಕೇಳಿಯೇ ಮಾಡಿ. ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯಂತೂ ಮರಿಗೆ ವಿಷ.

ಈಗ ಈ ಪುಡಿಯ ಕಥೆ. ಜೋಳದ, ಕಬ್ಬಿನ ಸಕ್ಕರೆ ಅಂಶವನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ಇದನ್ನು ಮಾಡ್ತಾರೆ. ಬೆಳೆದವನು ರೈತ, ಕೊಳ್ಳುವವನೂ ರೈತ, ನಡುವೆ ಕೂತವನು ಬೆಲೆ ಕಟ್ಟುವವನು. 1992ರಿಂದ 1995ರವರೆಗೆ ಅಮೆರಿಕದ ಎಡಿಎಂ, ಜಪಾನಿನ ಅಜಿನೊಮೊಟೊ, ಕ್ಯೋವಾ ಹಕ್ಕೊ ಮತ್ತು ಎರಡು ಕೊರಿಯಾ ಕಂಪನಿಗಳು ಹೋಟೆಲುಗಳಲ್ಲಿ ಕೂತು ಇಡೀ ಜಗತ್ತಿಗೆ ಲೈಸಿನ್ ದರ ಗೊತ್ತುಮಾಡಿದವು. ಎಡಿಎಂನ ಅಧಿಕಾರಿಯೊಬ್ಬನೇ ಗುಟ್ಟಾಗಿ ಪೊಲೀಸರಿಗೆ ಧ್ವನಿಮುದ್ರಣ ಮಾಡಿಕೊಟ್ಟ. ಅದರಲ್ಲಿ ಸಿಕ್ಕ ಮಾತು: ಪೈಪೋಟಿಯವರು ನಮ್ಮ ಸ್ನೇಹಿತರು, ಗಿರಾಕಿಗಳು ನಮ್ಮ ವೈರಿಗಳು! 1996ರಲ್ಲಿ ಎಡಿಎಂ ತಪ್ಪೊಪ್ಪಿಕೊಂಡು, ಲೈಸಿನ್ ಮತ್ತು ಸಿಟ್ರಿಕ್ ಆಮ್ಲ ಎರಡೂ ಸೇರಿ 10 ಕೋಟಿ ಡಾಲರ್ ದಂಡ ಕಟ್ಟಿತು. ರೈತರು ಒಟ್ಟಾಗಿ ಬೆಲೆ ಕೇಳಿದರೆ ಮಾರುಕಟ್ಟೆ ಕೆಡುತ್ತೆ ಅಂತ ನಮಗೆ ಪಾಠ ಹೇಳುವವರು ಇದನ್ನು ಓದಲಿ.

ಚೀಲ ಕೊಳ್ಳುವಾಗ ಪ್ರೋಟೀನಿನ ಜೊತೆ ಲೈಸಿನ್ ಶೇಕಡಾ ಎಷ್ಟೆಂದು ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಹತ್ತು ಮನೆಯವರು ಕೂಡಿ ಹಿಂಡಿ, ಪುಡಿ ಒಟ್ಟಿಗೆ ತರಿಸಿ. ಬರೆದುಕೊಡಲ್ಲ ಅನ್ನುವವನ ಅಂಗಡಿಗೆ ಮತ್ತೆ ಕಾಲಿಡಬೇಡಿ.